ಮಾಸನ್ನು ದಾಟದ ಮದ್ದು

ಮೇಲಿಂದ ಮೇಲೆ ಗರ್ಭಪಾತಕ್ಕೊಳಗಾದ ಸ್ತ್ರೀಗೆ ವೈದ್ಯರು ಕೆಲವು ವೇಳೆ ‘ರಕ್ತವನ್ನು ತೆಳುಮಾಡುವ’ ಚುಚ್ಚುಮದ್ದನ್ನು ವಿಧಿಸುವುದುಂಟು. ಮೊದಲು ಈ ಮಾತನ್ನೇ ನಾವು ತಿದ್ದಿಕೊಳ್ಳಬೇಕು. ಮಜ್ಜಿಗೆಗೆ ನೀರು ಬೆರೆಸಿದಂತೆ ಈ ಮದ್ದು ರಕ್ತವನ್ನು ತೆಳ್ಳಗಾಗಿಸುವುದಿಲ್ಲ. ಅದು ಹೆಪ್ಪುಗಟ್ಟದಂತೆ ತಡೆಯುತ್ತದೆ, ಅಷ್ಟೆ.

ತಾಯಿಯ ರಕ್ತವೂ ಶಿಶುವಿನ ರಕ್ತವೂ ಒಂದರೊಡನೊಂದು ಬೆರೆಯುವುದಿಲ್ಲ. ಇವೆರಡರ ಕೊಡುಕೊಳ್ಳುವಿಕೆ ನಡೆಯುವ ಸ್ಥಾನವೇ ಜರಾಯು, ಮನೆಮಾತಿನಲ್ಲಿ ಮಾಸು. ಬೇರುಗಳಂತೆ ಕವಲೊಡೆದ ಶಿಶುವಿನ ರಕ್ತನಾಳಗಳು ಇಲ್ಲಿ ತಾಯಿಯ ರಕ್ತದ ಮಡುವಿನಲ್ಲಿ ಮುಳುಗಿದ್ದು, ತೆಳುವಾದ ಪೊರೆಯೊಂದರ ಮೂಲಕ ಆಮ್ಲಜನಕವನ್ನೂ ಆಹಾರವನ್ನೂ ಹೀರಿಕೊಳ್ಳುತ್ತವೆ. ದಿನ ತುಂಬುವ ವೇಳೆಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಗಿಲಾದ ರಕ್ತ ಹರಿಯುತ್ತದೆ. ಹೆರಿಗೆಯ ರಕ್ತಸ್ರಾವದಿಂದ ತಾಯಿಯನ್ನು ಕಾಯಲೆಂದೋ ಏನೋ, ಗರ್ಭಿಣಿಯ ರಕ್ತಕ್ಕೆ ಬೇಗನೆ ಹೆಪ್ಪುಗಟ್ಟುವ ಗುಣ ಬಂದಿರುತ್ತದೆ. ಆ ಹೆಪ್ಪು ಮಾಸಿನಲ್ಲಿಯೇ ಕಟ್ಟಿಕೊಂಡರೆ ಶಿಶುವಿನ ಬೆಳವಣಿಗೆ ಕುಂಠಿತವಾಗಬಹುದು, ಗರ್ಭವೇ ಅಳಿಯಲೂಬಹುದು.

ಹೆಪ್ಪನ್ನು ತಡೆಯುವ ಮದ್ದುಗಳೆಲ್ಲವೂ ಇಲ್ಲಿ ಸಲ್ಲವು. ವಾರ್ಫರಿನ್ ಮಾಸನ್ನು ದಾಟಿ ಶಿಶುವಿನ ಮೂಗನ್ನೂ ಮೂಳೆಗಳನ್ನೂ ವಿಕಾರಗೊಳಿಸಬಲ್ಲದು. ಹೆಪಾರಿನ್ನಿನ ಅಣುವಾದರೋ ದೊಡ್ಡದು, ಋಣ ವಿದ್ಯುದಂಶದಿಂದ ತುಂಬಿದುದು. ಅದು ಪೊರೆಯನ್ನು ದಾಟಲಾರದು. ಇದರ ಕಥೆ 1916ರಷ್ಟು ಹಿಂದಿನದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಿದ್ದಾಗ, ನಾಯಿಯ ಯಕೃತ್ತಿನಿಂದ ಅದಕ್ಕೆ ತದ್ವಿರುದ್ಧ ಗುಣದ ವಸ್ತು ಅವನ ಕೈಗೆ ಸಿಕ್ಕಿತು!

ಕೆಲವರ ದೇಹದಲ್ಲಿ ಫಾಸ್ಫೋಲಿಪಿಡ್ ಎಂಬ ಮೇದಸ್ಸಿನ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಂಡು ಗರ್ಭವನ್ನು ಪದೇ ಪದೇ ಕೆಡಿಸುತ್ತವೆ. ಇಂತಹ 90 ಮಂದಿ ಗರ್ಭಿಣಿಯರ ಮೇಲೆ ಲಂಡನ್ನಿನಲ್ಲಿ ನಡೆಸಿದ ಪರೀಕ್ಷೆಯ ಫಲ 1997ರಲ್ಲಿ ಪ್ರಕಟವಾಯಿತು. ಆಸ್ಪಿರಿನ್ ಮಾತ್ರ ಪಡೆದ 45 ಮಂದಿಯಲ್ಲಿ 19 ಮಂದಿಗೆ ಜೀವಂತ ಮಕ್ಕಳು ಹುಟ್ಟಿದರೆ, ಜೊತೆಗೆ ಹೆಪಾರಿನ್ನನ್ನೂ ಪಡೆದ 45 ಮಂದಿಯಲ್ಲಿ 32 ಮಂದಿಗೆ ಹುಟ್ಟಿದರು.

ಹಾಗಾದರೆ ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯುಳ್ಳವರಿಗೂ ಇದು ಫಲಿಸಬೇಕಷ್ಟೆ? ತರ್ಕವೇನೋ ಸೊಗಸಾಗಿಯೇ ಇದೆ. ಆದರೆ ಎರಡು ಅಥವಾ ಹೆಚ್ಚು ಗರ್ಭಗಳನ್ನು ಕಳೆದುಕೊಂಡಿದ್ದ ಅಂತಹ ಸ್ತ್ರೀಯರ ಪರೀಕ್ಷೆಯ ಫಲ 2023ರಲ್ಲಿ ಹೊರಬಂದಾಗ, ಹೆಪಾರಿನ್ ಪಡೆದವರಲ್ಲಿ ನೂರಕ್ಕೆ 72, ಪಡೆಯದವರಲ್ಲಿ 71 ಮಂದಿಗೆ ಜೀವಂತ ಮಕ್ಕಳು ಹುಟ್ಟಿದ್ದರು. ಮದ್ದು ಮಾಡಿದ್ದು ಏನೂ ಇಲ್ಲ!

ಈ ಒಗಟಿಗೆ ಇಲಿಗಳ ಮೇಲಿನ ಪ್ರಯೋಗವೊಂದು 2004ರಲ್ಲಿಯೇ ಸುಳಿವು ಕೊಟ್ಟಿದ್ದಿತು. ಮೇಲೆ ಹೇಳಿದ ಪ್ರತಿಕಾಯಗಳನ್ನು ಬಸಿರಿಲಿಗಳಿಗೆ ಚುಚ್ಚಿದಾಗ, ಹೆಪಾರಿನ್ ಅವುಗಳ ಗರ್ಭವನ್ನು ಉಳಿಸಿತು. ಹೆಪ್ಪನ್ನು ಅಷ್ಟೇ ಸಮರ್ಥವಾಗಿ ತಡೆಯುವ ಬೇರೆ ಮದ್ದುಗಳು, ಮೂಲತಃ ಜಿಗಣೆಯಿಂದ ದೊರೆತ ಹಿರುಡಿನ್ ಸಹ, ಉಳಿಸಲಿಲ್ಲ. ಅಂದರೆ ಹೆಪಾರಿನ್ ಅಲ್ಲಿ ಶಮನಗೊಳಿಸಿದುದು ಮಾಸಿನ ಉರಿಯೂತವನ್ನು. ರಕ್ತದ ಹೆಪ್ಪು ಮುಖ್ಯ ಅಪರಾಧಿಯಾಗಿರಲಿಲ್ಲ.

ಆದುದರಿಂದಲೇ ವೈದ್ಯರು ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಬಾರಿ ಪ್ರತಿಕಾಯಗಳನ್ನು ಪರೀಕ್ಷಿಸಿ ರೋಗವನ್ನು ನಿಶ್ಚಯಿಸುತ್ತಾರೆ. ತಿಂಗಳುಗಟ್ಟಲೆ ಪ್ರತಿದಿನವೂ ಸೂಜಿಯ ನೋವನ್ನೂ, ರಕ್ತಸ್ರಾವದ ಅಪಾಯವನ್ನೂ ಹೊರಬೇಕಾದವಳು ತಾಯಿಯಲ್ಲವೆ?