ಮತ್ತೆ ಮೊದಲಿನಿಂದ ಕಲಿಯುವ ನಿರೀಕ್ಷೆ

ಇವತ್ತಿನ ಪಾಠ ನಿರೀಕ್ಷೆಯ ಬಗ್ಗೆ. ಕಾಯಿಲೆ ಬಿದ್ದವರಿಗೆ ನಿರೀಕ್ಷೆ ಹೇಗೆ ತಿರುಗಿ ಬರುತ್ತೆ? ಕೆನಡಾದ ಫೋಕ್ ಗಾಯಕಿ ಜೋನಿ ಮಿಚೆಲ್ ಅವರನ್ನು ನೋಡೋಣ. ದೇಶ ದೇಶ ತಿರುಗಿ ಹಾಡಿದವರು. 2015ರ ಮಾರ್ಚ್‌ನಲ್ಲಿ ಮೆದುಳಿನ ರಕ್ತನಾಳದ ತೊಂದರೆಯಿಂದ ಪ್ರಜ್ಞೆ ತಪ್ಪಿದರು. ಮಾತು, ನಡಿಗೆ, ಗಿಟಾರ್ ಎಲ್ಲಾ ಹೋಯ್ತು.

ಮೊದಲನೆಯದು: ಮಗುವಿನ ಹಾಗೆ ಶುರುಮಾಡೋಕೆ ನಾಚಿಕೆ ಬೇಡ. ತಮ್ಮದೇ ಹಾಡುಗಳಿಗೆ ಬೆರಳು ಎಲ್ಲಿಡಬೇಕು ಅಂತ ಅವರು ವಿಡಿಯೋ ನೋಡಿ ಕಲಿತರು!

ಎರಡನೆಯದು: ಬಲಹೀನತೆಯಲ್ಲೂ ದಾರಿ ಇದೆ. 9ನೇ ವಯಸ್ಸಿನಲ್ಲಿ ಪೋಲಿಯೋ ಬಂದು ಅವರ ಎಡಗೈ ಬಲಹೀನವಾಗಿತ್ತು. ಅದಕ್ಕೇ ಗಿಟಾರಿನ ಶ್ರುತಿಯನ್ನೇ ಬದಲಿಸಿಕೊಂಡರು. ಆ ಶ್ರುತಿಗಳೇ ಮುಂದೆ ಅವರ ಗುರುತಾದವು.

ಮೂರನೆಯದು: ಯಾರೂ ಒಬ್ಬರೇ ಎದ್ದೇಳಲ್ಲ. ಬ್ರಾಂಡಿ ಕಾರ್ಲೈಲ್ ಮತ್ತು ಇತರ ಗಾಯಕರು ಅವರ ಮನೆಗೇ ಬಂದು ಹಾಡುತ್ತಿದ್ದರು. ಮೊದಮೊದಲು ಸುಮ್ಮನೆ ಕೇಳುತ್ತಿದ್ದವರು ನಿಧಾನವಾಗಿ ದನಿಗೂಡಿಸಿದರು. 2022ರ ಜುಲೈ, ನ್ಯೂಪೋರ್ಟ್ ಫೋಕ್ ಉತ್ಸವ. 78ನೇ ವಯಸ್ಸಿನಲ್ಲಿ ಕುರ್ಚಿಯಲ್ಲಿ ಕೂತು ಹಾಡಿದರು, ಎದ್ದು ನಿಂತು ಗಿಟಾರ್ ನುಡಿಸಿದರು. ದನಿ ಹಳೆಯದಲ್ಲ, ತಗ್ಗಿತ್ತು. ಆದರೂ ಹಾಡು ಅವರದೇ.

ಗಮನಿಸಿ, ಇದಕ್ಕೆ ಏಳು ವರ್ಷ ಹಿಡೀತು. ನಮಗೋ ಏಳು ದಿನ ಕಾಯೋಕೂ ತಾಳ್ಮೆ ಇಲ್ಲ. ನಿಮ್ಮ ಪಿಜಿಯಲ್ಲಿ, ಆಫೀಸಿನಲ್ಲಿ ಕಾಯಿಲೆಯಿಂದ ಏಳುತ್ತಿರುವವರು ಇರಬಹುದು. "ಯಾವಾಗ ಪೂರ್ತಿ ಸರಿಹೋಗ್ತೀರಿ?" ಅಂತ ಕೇಳಬೇಡಿ. ಪ್ರಾರ್ಥಿಸಿ, ಆದರೆ ಮೆಸೇಜ್ ಕಳಿಸಿ ಅಷ್ಟಕ್ಕೇ ಬಿಡಬೇಡಿ. ಈ ವಾರವೇ ಹೋಗಿ ಅವರ ಪಕ್ಕ ಕೂತ್ಕೊಳ್ಳಿ.