ಡ್ರಮ್ ಹೊಸದಾದರೆ ಸಾಲದು, ಕೂರುವ ಜಾಗವೂ ಸರಿಯಿರಬೇಕು

ಪ್ರಶ್ನೆ: ಹಳೆಯ ಲಾರಿಯ ಹಿಂದಿನ ಆಕ್ಸಲ್‌ಗೆ ಬೇರೆ ಡ್ರಮ್, ಬೇರೆ ರಿಮ್ ಹಾಕಿಸಿದ್ದೇನೆ. ಬ್ರೇಕ್ ಒತ್ತಿದರೆ ಗಾಡಿ ಅದುರುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಲೋಡ್ ಇಳಿಸಿ. ಪರೀಕ್ಷಿಸದೆ ಘಾಟಿಯ ಕಡೆ ಹೋಗಲೇಬೇಡಿ.

ಹೊಸ ಡ್ರಮ್ ಅದುರಿದರೆ ನಾನು ಮೊದಲು ನೋಡುವುದು ಅದು ಕೂರುವ ಜಾಗವನ್ನು. ಹಬ್‌ನ ಮುಖದಲ್ಲಿ ತುಕ್ಕು, ಹಳೇ ಪೇಂಟ್ ಉಳಿದಿದ್ದರೆ ಡ್ರಮ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ; ಅದುರಲು ಅಷ್ಟು ಸಾಕು. ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿಸಿ. ಹೊಸ ಡ್ರಮ್‌ನ ಒಳಮೈಗೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯನ್ನು ಬ್ರೇಕ್ ಕ್ಲೀನರ್ ಹಾಕಿ ಪೂರ್ತಿ ಒರೆಸಿ. ಒಂದೇ ಕಡೆ ಬದಲಿಸಿದ್ದರೆ ಇನ್ನೊಂದು ಕಡೆಯದನ್ನೂ ಬದಲಿಸಿ. ಡ್ರಮ್ ಯಾವಾಗಲೂ ಜೋಡಿಯಾಗಿಯೇ ಇರಬೇಕು.

ಇನ್ನು ನಟ್‌ಗಳು. ಹಬ್ ಮೇಲೆ ಕೂರುವ ರಿಮ್‌ಗೆ ಚಪ್ಪಟೆ ಮುಖದ ನಟ್ ಬೇಕು. ಸ್ಟಡ್ ಮೇಲೆ ಕೂರುವ ರಿಮ್‌ಗೆ ಗುಂಡು ಮುಖದ್ದು. ಇವು ಅದಲುಬದಲಾದರೆ ಎಷ್ಟು ಬಿಗಿದರೂ ಸಡಿಲವಾಗುತ್ತವೆ, ಚಕ್ರವೇ ಕಳಚಬಹುದು. ಎದುರುಬದುರು ಕ್ರಮದಲ್ಲಿ, ಟಾರ್ಕ್ ರೆಂಚ್ ಹಿಡಿದು, ತಯಾರಕರು ಹೇಳಿದಷ್ಟೇ ಬಿಗಿಸಿ. 80ರಿಂದ 160 ಕಿ.ಮೀ. ಓಡಿದ ಮೇಲೆ ಬಿಗಿ ಮತ್ತೊಮ್ಮೆ ನೋಡಿ.

ಚಕ್ರವನ್ನು ಕೈಯಲ್ಲಿ ತಿರುಗಿಸಿ. ರಿಮ್ ಡ್ರಮ್‌ಗೆ ತಾಗಿದರೆ ಆ ರಿಮ್ ನಿಮ್ಮ ಗಾಡಿಯದಲ್ಲ. ಇಷ್ಟಾದರೂ ಅದುರಿದರೆ ಡಯಲ್ ಗೇಜ್ ಇಟ್ಟು ಡ್ರಮ್‌ನ ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, ಅಳೆಸಿ. ರಸ್ತೆಯಲ್ಲಿ ಎದುರು ಬರುವವರ ಜೀವವೂ ಈ ನಟ್‌ಗಳ ಮೇಲೆಯೇ ನಿಂತಿದೆ.