ಮೈಟೋಕಾಂಡ್ರಿಯ ಸೋತಾಗ ತಟ್ಟೆಗೆ ಯಾವ ತರಕಾರಿ?



ಕಳೆದ ವರ್ಷ ಜೀವಕೋಶದ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: “ಟೀಚರ್, ನಮ್ಮ ಚಿಕ್ಕಮ್ಮನ ಮಗನಿಗೆ ಈ ಮೈಟೋಕಾಂಡ್ರಿಯದ್ದೇ ಕಾಯಿಲೆ ಉಂಟಂತೆ. ಅವ ಯಾವ ತರಕಾರಿ ತಿಂದ್ರೆ ಗುಣ ಆಗ್ತದೆ?” ನಾನು ಥಟ್ಟನೆ, “ಬಸಳೆ, ಹರಿವೆ ಜಾಸ್ತಿ ತಿನ್ಲಿಕ್ಕೆ ಹೇಳು” ಅಂದುಬಿಟ್ಟೆ. ಮನೆಗೆ ಹೋಗಿ ಓದಿದಾಗ ನನ್ನದು ಅವಸರದ ಉತ್ತರ ಅಂತ ಗೊತ್ತಾಯ್ತು. ಸರಿಯಾದ ಉತ್ತರ ಏನು? ಒಟ್ಟಿಗೆ ಯೋಚಿಸೋಣ.

ಕಾಯಿಲೆ ಎಂದರೇನು?

ಮೈಟೋಕಾಂಡ್ರಿಯದ ಸಹಾಯವಿಲ್ಲದೆ ಒಂದು ಗ್ಲೂಕೋಸ್ ಅಣುವಿನಿಂದ ಜೀವಕೋಶಕ್ಕೆ ಸಿಗುವುದು 2 ಎಟಿಪಿ ಮಾತ್ರ. ಮೈಟೋಕಾಂಡ್ರಿಯ ಆಮ್ಲಜನಕ ಬಳಸಿ ಕೆಲಸ ಮಾಡಿದರೆ ಸುಮಾರು 30 ಸಿಗುತ್ತದೆ. ವಂಶವಾಹಿಯಲ್ಲಿ ಬದಲಾವಣೆ ಆಗಿರುವ ಕೆಲವರಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಆಗ ಹೆಚ್ಚು ಶಕ್ತಿ ಬೇಕಾದ ಮೆದುಳು, ಸ್ನಾಯು, ಹೃದಯ, ಕಣ್ಣುಗಳಿಗೆ ತೊಂದರೆ ಆಗುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ರೀತಿ.

ತರಕಾರಿ ವಂಶವಾಹಿಯನ್ನು ಸರಿಮಾಡುವುದಿಲ್ಲ. ಕೋಎನ್‌ಜೈಮ್ ಕ್ಯೂ10 ಎಂಬ ವಸ್ತುವನ್ನು ಕೆಲವು ರೋಗಿಗಳಿಗೆ ವೈದ್ಯರು ದಿನಕ್ಕೆ ನೂರಾರು ಮಿಲಿಗ್ರಾಂ ಕೊಡುವುದುಂಟು. 100 ಗ್ರಾಂ ಪಾಲಕ್ ಸೊಪ್ಪಿನಲ್ಲಿ ಅದು ಇರುವುದು ಸುಮಾರು 1 ಮಿಲಿಗ್ರಾಂ! ಹಾಗಾಗಿ ಸೊಪ್ಪು ಒಳ್ಳೆಯ ಆಹಾರ ಹೌದು, ಔಷಧ ಅಲ್ಲ.

ಹಾಗಾದರೆ ಆರಿಸುವುದು ಹೇಗೆ?

1. ಶಕ್ತಿ ಎಷ್ಟು? ಇವರಲ್ಲಿ ಹೆಚ್ಚಿನವರು ಹೊಟ್ಟೆ ಖಾಲಿ ಬಿಡಬಾರದು, ಉಪವಾಸ ಮಾಡಬಾರದು. ಸ್ವಲ್ಪ ಸ್ವಲ್ಪವೇ, ಆಗಾಗ ತಿನ್ನಬೇಕು. 100 ಗ್ರಾಂ ಸೌತೆಕಾಯಿಯಲ್ಲಿ ಸುಮಾರು 15 ಕಿಲೋಕ್ಯಾಲರಿ, ಅಷ್ಟೇ ಗೆಣಸಿನಲ್ಲಿ 80ಕ್ಕಿಂತ ಹೆಚ್ಚು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವವರಿಗೆ ಬರೀ ಸೌತೆಕಾಯಿ ಕೊಟ್ಟರೆ ಜಾಗ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಆದರೆ ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ ಗೆಣಸಿಗೂ ಅಳತೆ ಬೇಕು.

2. ಜಗಿಯಲು ಸುಲಭವೇ? ಜಗಿಯುವುದು, ನುಂಗುವುದು ಕೂಡ ಸ್ನಾಯುಗಳ ಕೆಲಸ. ಉಣ್ಣುವಾಗಲೇ ದಣಿಯುವವರಿಗೆ ಬಾಳೆದಿಂಡು, ಬಲಿತ ಅಲಸಂಡೆ ಕಷ್ಟ. ಚೀನಿಕಾಯಿ, ಸೋರೆಕಾಯಿ, ಹೀರೆಕಾಯಿ ಮೆತ್ತಗೆ ಬೇಯಿಸಿ, ಬೇಕಾದರೆ ಹಿಸುಕಿ ಕೊಡಬಹುದು. ನುಂಗುವಾಗ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಲೇಬೇಕು.

3. ನಾರು ಎಷ್ಟು? ಕರುಳಿನ ಗೋಡೆಯೂ ಸ್ನಾಯುವೇ. ಅದು ನಿಧಾನವಾದರೆ ಮಲಬದ್ಧತೆ ಬರುತ್ತದೆ. ಆಗ ನಾರು, ನೀರು ಎರಡೂ ಬೇಕು. ಆದರೆ ಹೊಟ್ಟೆಯೇ ನಿಧಾನವಾಗಿ ಖಾಲಿಯಾಗುವವರಿಗೆ ನಾರು ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಅವರಿಗೆ ಸಿಪ್ಪೆ, ಬೀಜ ತೆಗೆದ ತರಕಾರಿ ಒಳ್ಳೆಯದು.

4. ಮೂತ್ರಪಿಂಡ ಹೇಗಿದೆ? ಅದಕ್ಕೂ ತೊಂದರೆ ಇದ್ದರೆ ಸೊಪ್ಪು, ಗೆಡ್ಡೆಗಳಲ್ಲಿರುವ ಪೊಟ್ಯಾಸಿಯಂ ಬಗ್ಗೆ ವೈದ್ಯರನ್ನು ಕೇಳಿಯೇ ತಿನ್ನಬೇಕು.

ನೋಡಿ, ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಸರಿಯಲ್ಲ. ಆದ್ದರಿಂದಲೇ ನನ್ನ “ಬಸಳೆ, ಹರಿವೆ” ಉತ್ತರ ಸಾಲದು.

ಅಜ್ಜಿಯ ಅಡುಗೆಯಲ್ಲಿ ವಿಜ್ಞಾನ

ನಮ್ಮ ಕಾಸರಗೋಡಿನ ತೋಟಗಳಲ್ಲಿ ಮರಗೆಣಸು ಉಂಟಲ್ಲ, ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತು ಇದೆ. ಸಯನೈಡ್ ಹೋಗಿ ತಡೆಯುವುದು ಯಾವುದನ್ನು ಗೊತ್ತೇ? ಮೈಟೋಕಾಂಡ್ರಿಯದಲ್ಲಿ ಆಮ್ಲಜನಕ ಬಳಸುವ ಕೊನೆಯ ಹಂತದ ಕಿಣ್ವವನ್ನೇ! ಹಸಿ ಮರಗೆಣಸು ಯಾರಿಗೂ ಒಳ್ಳೆಯದಲ್ಲ. ಮೈಟೋಕಾಂಡ್ರಿಯ ಮೊದಲೇ ಸೋತವರಂತೂ ಇನ್ನೂ ಜಾಗ್ರತೆ ಮಾಡಬೇಕು. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಮುಚ್ಚಳ ಹಾಕದೆ ಬೇಯಿಸಿ, ಆ ನೀರು ಚೆಲ್ಲಬೇಕು. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಆವಿಯಾಗಿ ಹೋಗುತ್ತದೆ, ಸ್ವಲ್ಪ ನೀರಿನೊಂದಿಗೆ ಹೋಗುತ್ತದೆ. ಕಣಿಲೆಯಲ್ಲೂ ಇಂಥದ್ದೇ ವಸ್ತು ಇರುವುದರಿಂದ ಅದನ್ನು ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಹಾಕಿ ಆಮೇಲೆ ಬೇಯಿಸುತ್ತಾರೆ. ಸಂಶಯ ಇದ್ದರೆ ರೋಗಿಗೆ ಇವೆರಡನ್ನೂ ಕೊಡದಿರುವುದೇ ಮೇಲು.

ಮರುವಾರ ಆ ಹುಡುಗಿಯನ್ನು ಕರೆದು ಹೇಳಿದೆ: “ಗುಣ ಮಾಡುವ ತರಕಾರಿ ಇಲ್ಲ ಮಗಳೇ. ಆದರೆ ಅವ ದಣಿಯದೆ ಉಣ್ಣುವ ಹಾಗೆ ಮಾಡ್ಲಿಕ್ಕೆ ಆಗ್ತದೆ. ಪಟ್ಟಿಯನ್ನು ಅವನ ವೈದ್ಯರು, ಆಹಾರ ತಜ್ಞರು ಹೇಳಲಿ.” ನಿಮ್ಮ ತರಗತಿಯಲ್ಲೂ ಬೇಗ ಸುಸ್ತಾಗುವ, ನಡುವೆ ಡಬ್ಬಿ ತೆಗೆಯುವ ಗೆಳೆಯ ಇರಬಹುದು. ಅವನನ್ನು ಸೋಮಾರಿ ಅನ್ನಬೇಡಿ, ನಿಧಾನವಾಗಿ ಉಣ್ಣಲು ಬಿಡಿ.

ಚಟುವಟಿಕೆ

1. ನಿಮ್ಮ ಮನೆಯಲ್ಲಿ ಮರಗೆಣಸು, ಕಣಿಲೆ ಹೇಗೆ ಬೇಯಿಸುತ್ತಾರೆಂದು ಹಿರಿಯರಲ್ಲಿ ಕೇಳಿ ಬರೆಯಿರಿ. ಪ್ರತಿ ಹಂತಕ್ಕೂ ಕಾರಣ ಕೊಡಿ.
2. ಒಂದು ವಾರ ನೀವು ತಿಂದ ತರಕಾರಿಗಳನ್ನು “ಮೆತ್ತಗಿನವು, ನಾರಿನವು, ಪಿಷ್ಟದವು” ಎಂದು ವಿಂಗಡಿಸಿ. ಒಂದು ತರಕಾರಿ ಎರಡು ಗುಂಪಿಗೂ ಸೇರಬಹುದೇ?
3. ಕೆಂಪು ರಕ್ತಕಣದಲ್ಲಿ ಮೈಟೋಕಾಂಡ್ರಿಯ ಇಲ್ಲ. ಅದಕ್ಕೆ ಎಟಿಪಿ ಎಲ್ಲಿಂದ ಸಿಗುತ್ತದೆ?